ಅನುಮಾನ ಬಂದರೆ ಯಾರಿಗೆ ಹೇಳಬೇಕು?

ಈ ದೇಶದಲ್ಲಿ ಮಕ್ಕಳಿಗೆ ಪಾಠ ಹೇಳುವವರು, ಔಷಧ ಕೊಡುವವರು, ಮಕ್ಕಳನ್ನು ನೋಡಿಕೊಳ್ಳುವವರು ಅವಶ್ಯವಾಗಿ ತಿಳಿದಿರಬೇಕಾದ ಕಾಯಿದೆಯೊಂದಿದೆ. ನಮ್ಮ ಸಂಘದ ಸದಸ್ಯರಲ್ಲಿ ಡಾಕ್ಟರುಗಳಿದ್ದಾರೆ, ನರ್ಸುಗಳಿದ್ದಾರೆ, ಶಾಲಾ ಅಧ್ಯಾಪಕಿಯರಂತೂ ಬಹಳ ಮಂದಿ. ಅವರಿಗೆಲ್ಲ ತಮ್ಮ ಕೆಲಸದ ಜಾಗದಲ್ಲಿ ಒಂದಲ್ಲ ಒಂದು ತರಬೇತಿಯಲ್ಲಿ ಈ ವಿಷಯ ಕಿವಿಗೆ ಬಿದ್ದಿರುತ್ತದೆ. ಆದರೆ ವಾರಕ್ಕೊಮ್ಮೆ ಕನ್ನಡ ತರಗತಿಯಲ್ಲಿ ಅಕ್ಷರ ತಿದ್ದಿಸುವ ನಮ್ಮ ಸ್ವಯಂಸೇವಕರಿಗೆ, ಯಕ್ಷಗಾನದ ಹೆಜ್ಜೆ ಕಲಿಸುವವರಿಗೆ, ರಾಜ್ಯೋತ್ಸವದ ನಾಟಕಕ್ಕೆ ಮಕ್ಕಳನ್ನು ತಯಾರು ಮಾಡುವವರಿಗೆ ಇದನ್ನು ಯಾರೂ ಹೇಳಿದಂತಿಲ್ಲ. ಆದ್ದರಿಂದ ಈ ಲೇಖನ. ‘ಕೆಮಿಸ್ಟ್ರಿಯವನಿಗೆ ಕಾಯಿದೆಯ ಗೊಡವೆ ಯಾಕೆ ಮಾರಾಯ್ರೆ’ ಎಂದು ಕೇಳುವವರು ಸ್ವಲ್ಪ ತಾಳಬೇಕು, ಉತ್ತರ ಮುಂದೆ ಬರುತ್ತದೆ.

2012ರಲ್ಲಿ ದುಬೈಯಲ್ಲಿ ವದೀಮಾ ಎಂಬ 8 ವರ್ಷದ ಎಮಿರಾತಿ ಹುಡುಗಿಯ ಕೊಲೆಯಾಯಿತು. ಕೊಂದವರು ಹೊರಗಿನವರಲ್ಲ. ಹೆತ್ತ ತಂದೆ ಮತ್ತು ಅವನ ಜೊತೆ ವಾಸವಾಗಿದ್ದ ಹೆಂಗಸು. ಅವಳನ್ನೂ ಅವಳ ತಂಗಿಯನ್ನೂ ಕೂಡಿಹಾಕಿ, ಹೊಡೆದು, ಸುಟ್ಟು, ಹಸಿವಿನಲ್ಲಿ ಕೆಡವಿ ಹಿಂಸಿಸಿದ್ದರು. ಸತ್ತ ಮಗುವನ್ನು ಶಾರ್ಜಾದ ಮರಳುಗಾಡಿಗೆ ಒಯ್ದು ಹೂತುಬಿಟ್ಟರು. ತಂಗಿ ಬದುಕುಳಿದಳು. ನ್ಯಾಯಾಲಯ ತಂದೆಗೆ ಮರಣದಂಡನೆಯನ್ನೂ ಹೆಂಗಸಿಗೆ ಜೀವಾವಧಿ ಶಿಕ್ಷೆಯನ್ನೂ ವಿಧಿಸಿತು. ಇಷ್ಟು ಬರೆಯುವುದಕ್ಕೇ ಕೈ ಹಿಂಜರಿಯುತ್ತದೆ, ಹೆಚ್ಚು ವಿವರ ಬೇಡ. ಆದರೆ ಈ ಘಟನೆ ಬಯಲಾದಾಗ ಇಲ್ಲಿನ ಜನರನ್ನು ಕಾಡಿದ ಪ್ರಶ್ನೆಯನ್ನು ನೆನಪಿಡಬೇಕು. ಮಗುವಿನ ಮೈಮೇಲೆ ಅಷ್ಟು ಗಾಯಗಳಾಗುವವರೆಗೆ ಯಾರ ಕಣ್ಣಿಗೂ ಬೀಳಲಿಲ್ಲವೇ? ಬಿದ್ದಿದ್ದರೆ ಅವರು ಯಾರಿಗೆ ಹೇಳಬೇಕಿತ್ತು?

ಅದೇ ವರ್ಷ ನವೆಂಬರಿನಲ್ಲಿ ಇಲ್ಲಿನ ಮಂತ್ರಿಮಂಡಲ ಆ ಮಗುವಿನ ಹೆಸರಿನಲ್ಲೇ ಒಂದು ಕಾಯಿದೆಯ ಕರಡನ್ನು ಒಪ್ಪಿತು. ಫೆಡರಲ್ ನ್ಯಾಷನಲ್ ಕೌನ್ಸಿಲಿನಲ್ಲಿ ಚರ್ಚೆಯಾಗಿ, ಹೆಸರು ಬದಲಾಗಿ, ಕೊನೆಗೆ ಅದು 2016ರ 3ನೆಯ ಫೆಡರಲ್ ಕಾಯಿದೆಯಾಗಿ, ಅಂದರೆ ಮಕ್ಕಳ ಹಕ್ಕುಗಳ ಕಾಯಿದೆಯಾಗಿ ಹೊರಬಂತು. 2016ರ ಜೂನ್ 15ರಿಂದ ಜಾರಿಯಲ್ಲಿದೆ. ಕಾಗದದಲ್ಲಿ ಹೆಸರು ಹೋದರೂ ಜನರ ಬಾಯಲ್ಲಿ ಅದು ಇವತ್ತಿಗೂ ‘ವದೀಮಾ ಕಾಯಿದೆ’ಯೇ.

ಈ ಕಾಯಿದೆಯ ಪ್ರಕಾರ 18 ವರ್ಷ ತುಂಬದವರೆಲ್ಲರೂ ಮಕ್ಕಳು. ಎಮಿರಾತಿ ಮಕ್ಕಳಿಗೆ ಒಂದು, ನಮ್ಮ ಮಕ್ಕಳಿಗೆ ಇನ್ನೊಂದು ಎಂಬ ಭೇದವಿಲ್ಲ. ರಜೆಗೆ ಅಜ್ಜಿಮನೆಯಿಂದ ವಿಸಿಟ್ ವೀಸಾದಲ್ಲಿ ಬಂದ ಮಗುವಿಗೂ ಅನ್ವಯಿಸುತ್ತದೆ. ಇದರ 42ನೆಯ ವಿಧಿಯೇ ನಮಗೆ ಮುಖ್ಯವಾದದ್ದು. ಮಗುವಿನ ದೇಹಕ್ಕೋ ಮನಸ್ಸಿಗೋ ನಡತೆಗೋ ಅಪಾಯವಿದೆ ಎಂದು ಕಂಡರೆ ಯಾರೇ ಆಗಲಿ ಮಕ್ಕಳ ರಕ್ಷಣಾ ತಜ್ಞರಿಗೆ ಅಥವಾ ರಕ್ಷಣಾ ಘಟಕಕ್ಕೆ ತಿಳಿಸಬೇಕು ಎಂದು ಅದು ಹೇಳುತ್ತದೆ. ಶಿಕ್ಷಕರು, ವೈದ್ಯರು, ಸಮಾಜ ಕಾರ್ಯಕರ್ತರು ಹಾಗೂ ಮಕ್ಕಳ ರಕ್ಷಣೆ, ಆರೈಕೆ ಇಲ್ಲವೇ ಶಿಕ್ಷಣವನ್ನು ವಹಿಸಿಕೊಂಡ ಇತರರ ಪಾಲಿಗೆ ಅದು ಕಡ್ಡಾಯ. ತಿಳಿಸದಿದ್ದರೆ ಶಿಕ್ಷೆಯೂ ಉಂಟು.

‘ವಹಿಸಿಕೊಂಡ ಇತರರು’ ಎಂಬ ಎರಡು ಮಾತುಗಳ ಮೇಲೆ ನನ್ನ ಕಣ್ಣು ನಿಂತಿತು. ನಾನು ವಕೀಲನಲ್ಲ. ಆದರೂ ನನ್ನ ಓದಿನಲ್ಲಿ, ತಾಯಿತಂದೆಗಳು ಎರಡು ಗಂಟೆಯ ಹೊತ್ತು ಮಗುವನ್ನು ನಮ್ಮ ಕೈಗೆ ಒಪ್ಪಿಸಿ ಕಾಫಿ ಕುಡಿಯಲು ಹೋದರು ಎಂದರೆ ಆ ಎರಡು ಗಂಟೆ ನಾವೂ ‘ಇತರರೇ’. ಸಂಬಳ ಪಡೆಯುವ ಮೇಷ್ಟ್ರು, ಬಿಟ್ಟಿ ಮೇಷ್ಟ್ರು ಎಂಬ ವ್ಯತ್ಯಾಸವನ್ನು ಆ ಸಾಲು ಮಾಡಿಲ್ಲ.

ಊರಿನ ಕಾಯಿದೆಯನ್ನೂ ಪಕ್ಕದಲ್ಲಿಟ್ಟು ನೋಡಿದರೆ ಒಂದು ಸ್ವಾರಸ್ಯವಿದೆ. ಭಾರತದಲ್ಲಿ 2012ರ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯ ದಿವಸವೇ, ಪೋಕ್ಸೋ ಕಾಯಿದೆ ಜಾರಿಗೆ ಬಂತು. ಅದರ 19ನೆಯ ಕಲಮಿನ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ಗೊತ್ತಿರುವ, ಅಥವಾ ನಡೆದೀತು ಎಂಬ ಆತಂಕವಿರುವ ಯಾವ ವ್ಯಕ್ತಿಯಾದರೂ ಪೊಲೀಸರಿಗೆ ತಿಳಿಸಲೇಬೇಕು. ಡಾಕ್ಟರು, ಮೇಷ್ಟ್ರು ಮಾತ್ರವಲ್ಲ, ಪಕ್ಕದ ಮನೆಯವರೂ ಸೈ. ತಿಳಿಸದಿದ್ದರೆ 21ನೆಯ ಕಲಮಿನಂತೆ 6 ತಿಂಗಳವರೆಗೆ ಸೆರೆ ಅಥವಾ ದಂಡ ಅಥವಾ ಎರಡೂ. ತನ್ನ ಕೈಕೆಳಗಿನವರು ಎಸಗಿದ್ದನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ ಸೆರೆ ಮತ್ತು ದಂಡ. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ದಾವೆ ಹೂಡುವಂತಿಲ್ಲ. ಆದರೆ ಇದೆಲ್ಲ ಲೈಂಗಿಕ ಅಪರಾಧಕ್ಕೆ ಮಾತ್ರ. ಮಗುವಿಗೆ ಬರೆ ಹಾಕಿದರೆ, ಉಪವಾಸ ಕೆಡವಿದರೆ ಅದು ಅಪರಾಧವೇನೋ ಹೌದು, 2015ರ ಬಾಲನ್ಯಾಯ ಕಾಯಿದೆಯಲ್ಲಿ ಶಿಕ್ಷೆಯಿದೆ. ಆದರೆ ಕಂಡವರೆಲ್ಲ ಹೇಳಲೇಬೇಕೆಂಬ ಪೋಕ್ಸೋದ ಕಟ್ಟು ಅದಕ್ಕಿಲ್ಲ. ಅಲ್ಲಿ ಎಲ್ಲರ ಮೇಲೂ ಹೊಣೆ, ಒಂದೇ ಬಗೆಯ ಅಪರಾಧಕ್ಕೆ. ಇಲ್ಲಿ ಕೆಲವು ಕಸುಬಿನವರ ಮೇಲೆ ಕಡ್ಡಾಯದ ಹೊಣೆ, ಹೊಡೆತ, ಹಸಿವು, ಅಲಕ್ಷ್ಯ, ಶಾಲೆ ಬಿಡಿಸುವುದು, ಎಲ್ಲಕ್ಕೂ.

ಮುಚ್ಚಿಡುವವರ ಮೇಲೆ ಊರಿನಲ್ಲಿ ಕಾಯಿದೆಯ ಬಿಸಿ ತಟ್ಟಿದ್ದು ಬೆಂಗಳೂರಿನಲ್ಲಿ ಎಲ್ಲರೂ ಕಂಡ ಸಂಗತಿ. 2014ರ ಜುಲೈಯಲ್ಲಿ ಮಾರತಹಳ್ಳಿ ಕಡೆಯ ವಿಬ್ಗಯಾರ್ ಶಾಲೆಯಲ್ಲಿ 6 ವರ್ಷದ ಹುಡುಗಿಯ ಮೇಲೆ ಅತ್ಯಾಚಾರವಾಯಿತೆಂಬ ದೂರು ಬಂದಾಗ ತಾಯಿತಂದೆಗಳು ಬೀದಿಗಿಳಿದರು. ಪೊಲೀಸರು ಶಾಲೆಯ ಅಧ್ಯಕ್ಷರನ್ನೂ ಬಂಧಿಸಿದರು. ಅವರ ಮೇಲಿದ್ದ ಆರೋಪ, ವಿಷಯ ಮುಚ್ಚಿಟ್ಟರು ಎಂಬುದು. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಮೊಕದ್ದಮೆ ಇನ್ನೂ ಮುಂದೆ ಹೋಯಿತು. ಅಲ್ಲಿ ಹಾಸ್ಟೆಲಿನ ಬುಡಕಟ್ಟು ಬಾಲಕಿಯರಿಗೆ ಚಿಕಿತ್ಸೆ ಕೊಡುತ್ತಿದ್ದ ಡಾಕ್ಟರೊಬ್ಬರಿಗೆ ವಿಷಯ ಗೊತ್ತಿದ್ದೂ ತಿಳಿಸಲಿಲ್ಲವೆಂಬ ಆರೋಪ ಬಂತು. ಹೈಕೋರ್ಟು ಮೊಕದ್ದಮೆಯನ್ನು ರದ್ದು ಮಾಡಿತ್ತು. 2022ರ ನವೆಂಬರ್ 2ರಂದು ಸುಪ್ರೀಂ ಕೋರ್ಟು ಅದನ್ನು ಮತ್ತೆ ಜೀವಂತಗೊಳಿಸಿ, ಗೊತ್ತಿದ್ದೂ ತಿಳಿಸದಿರುವುದು ಗಂಭೀರ ಅಪರಾಧವೆಂದು ಸ್ಪಷ್ಟ ಮಾಡಿತು.

ಡಾಕ್ಟರುಗಳೇ ಸುಮ್ಮನಿರುವುದು ನಮ್ಮ ದೇಶದ ಜಾಡ್ಯವೇನೂ ಅಲ್ಲ. 1946ರಲ್ಲಿ ಅಮೆರಿಕದ ಜಾನ್ ಕ್ಯಾಫಿ ಎಂಬ ಎಕ್ಸ್‌ರೇ ತಜ್ಞ, ತಲೆಯೊಳಗೆ ರಕ್ತ ಹೆಪ್ಪುಗಟ್ಟಿದ ಕೂಸುಗಳ ಕೈಕಾಲಿನ ಎಲುಬುಗಳೂ ಮುರಿದಿರುವುದನ್ನು ಕಂಡು ಬರೆದ. ಕಂಡದ್ದನ್ನು ಬರೆದ, ಯಾರು ಮುರಿದರು ಎಂಬಲ್ಲಿಗೆ ಬಂದಾಗ ಹಿಂಜರಿದ. ಹೆತ್ತವರೇ ಹೀಗೆ ಮಾಡುತ್ತಾರೆ ಎಂದು ಅಚ್ಚು ಹಾಕಿಸಿ ಹೇಳಲು ವೈದ್ಯಲೋಕಕ್ಕೆ ಇನ್ನೂ 16 ವರ್ಷ ಬೇಕಾಯಿತು. 1962ರಲ್ಲಿ ಹೆನ್ರಿ ಕೆಂಪೆ ಮತ್ತು ಜೊತೆಗಾರರು ಅಮೆರಿಕನ್ ವೈದ್ಯ ಸಂಘದ ಪತ್ರಿಕೆಯಲ್ಲಿ ಅದನ್ನು ನೇರವಾಗಿ ಬರೆದರು. ಆಮೇಲೆ ಐದೇ ವರ್ಷದೊಳಗೆ, ಅಂದರೆ 1967ರ ಹೊತ್ತಿಗೆ, ಅಮೆರಿಕದ ಎಲ್ಲ 50 ರಾಜ್ಯಗಳಲ್ಲೂ ವೈದ್ಯರು ತಿಳಿಸಲೇಬೇಕೆಂಬ ಕಾಯಿದೆಗಳು ಬಂದವು. ಇಂದು ನಾವು ಮಾತಾಡುತ್ತಿರುವ ಕಡ್ಡಾಯ ವರದಿಯ ಬೇರು ಅಲ್ಲಿದೆ.

ಇನ್ನು ನಮ್ಮ ಮಾತಿಗೆ ಬರೋಣ. ‘ಛಡಿ ಚಂ ಚಂ, ವಿದ್ಯೆ ಘಂ ಘಂ’ ಎಂಬ ಗಾದೆ ಕೇಳುತ್ತ ಬೆಳೆದವರು ನಾವು. ಹುಣಸೆ ಬರಲಿನ ಏಟು ತಿಂದು ಮಗ್ಗಿ ಕಲಿತೆವೆಂದು ವಾರ್ಷಿಕೋತ್ಸವದ ವೇದಿಕೆಯ ಮೇಲೆ ನಗುನಗುತ್ತ ಹೇಳುತ್ತೇವೆ, ಸಭೆ ಚಪ್ಪಾಳೆ ತಟ್ಟುತ್ತದೆ. 2007ರಲ್ಲಿ ಕೇಂದ್ರ ಸರಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿ ಒಂದು ವರದಿ ಪ್ರಕಟಿಸಿತು. ಮೂವರಲ್ಲಿ ಇಬ್ಬರು ಮಕ್ಕಳು ಹೊಡೆತ ತಿಂದವರು. ಅರ್ಧಕ್ಕಿಂತ ಹೆಚ್ಚು ಮಕ್ಕಳು, ಶೇಕಡ 53.22, ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳ ಅನುಭವಿಸಿದವರು. ಬಹುಪಾಲು ಮಕ್ಕಳು ಯಾರಿಗೂ ಹೇಳಿರಲಿಲ್ಲ. ಆ 13 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ ಎಂದು ನಿಟ್ಟುಸಿರು ಬಿಡುವವರು ಬಿಡಬಹುದು. ಕೇರಳ, ಆಂಧ್ರ, ಗೋವಾ, ಮಹಾರಾಷ್ಟ್ರ ಎಲ್ಲ ಇದ್ದವು. ನಾವು ಅವುಗಳ ನಡುವೆಯೇ ಇದ್ದೇವೆ.

ಗಲ್ಫಿಗೆ ಬಂದಾಗ ಬಾಯಿ ಇನ್ನಷ್ಟು ಬಿಗಿಯಾಗುತ್ತದೆ. ಇದಕ್ಕೆ ಕಾರಣ ಕೇವಲ ಸಂಕೋಚವಲ್ಲ. ಹೆಂಡತಿ ಮಕ್ಕಳ ವೀಸಾ ಸಾಮಾನ್ಯವಾಗಿ ಗಂಡನ ಕೆಲಸಕ್ಕೆ ಕಟ್ಟಿಕೊಂಡಿರುತ್ತದೆ. ಅವನ ಕೆಲಸ ಹೋದರೆ ಇಡೀ ಸಂಸಾರ ಗಂಟುಮೂಟೆ ಕಟ್ಟಬೇಕು. ಊರಿನಲ್ಲಿ ಮನೆ ಕಟ್ಟಿದ ಸಾಲ ಹಾಗೇ ಇರುತ್ತದೆ. ಹೀಗಿರುವಾಗ ತಾಯಿಯೂ ಬಾಯಿ ಬಿಡುವುದಿಲ್ಲ, ಕಂಡ ಸ್ನೇಹಿತರೂ ಬಿಡುವುದಿಲ್ಲ. ಎಲ್ಲರ ಮನೆ ದೋಸೆಯೂ ತೂತೇ ಎನ್ನುತ್ತಾರೆ. ನಿಜ, ತೂತೇ. ಆದರೆ ದೋಸೆಯ ತೂತು ಬೇರೆ, ಹುಡುಗನ ತೋಳಿನ ಮೇಲಿನ ಸಿಗರೇಟಿನ ಗುರುತು ಬೇರೆ.

ಇನ್ನೊಂದು, ನಾವು ವಾಸಿಸುವ ರೀತಿ. ಕರಾಮಾದಲ್ಲಿ, ಕುಸೈಸಿನಲ್ಲಿ, ಮುಸಫ್ಫಾದಲ್ಲಿ ಒಂದೇ ಫ್ಲಾಟನ್ನು ಎರಡು ಮೂರು ಸಂಸಾರಗಳು ಹಂಚಿಕೊಳ್ಳುವುದುಂಟು. ಗಂಡಹೆಂಡಿರಿಬ್ಬರೂ ದುಡಿಯುವಾಗ ಶಾಲೆ ಬಿಟ್ಟ ಮಗು ಸಂಜೆಯವರೆಗೆ ಪಕ್ಕದ ಕೋಣೆಯ ‘ಆಂಟಿ’ಯ ಬಳಿಯೋ ರಜೆಯಲ್ಲಿರುವ ‘ಅಂಕಲ್’ ಬಳಿಯೋ ಇರುತ್ತದೆ. ಬಹಳ ಜನ ಈ ಆಂಟಿ ಅಂಕಲ್‌ಗಳು ದೇವರಂಥವರು. ಅವರಿಲ್ಲದಿದ್ದರೆ ನಮ್ಮಲ್ಲಿ ಅರ್ಧ ಮಂದಿಯ ಸಂಸಾರವೇ ಸಾಗುತ್ತಿರಲಿಲ್ಲ. ಆದರೆ ಮಕ್ಕಳಿಗೆ ಕೇಡು ಮಾಡುವವರು ಹೆಚ್ಚಾಗಿ ಪರಿಚಿತರೇ, ಬೀದಿಯ ಅಪರಿಚಿತರಲ್ಲ, ಎಂಬುದು ಎಲ್ಲ ದೇಶಗಳ ಅನುಭವ.

ಈಗ ಕೆಮಿಸ್ಟ್ರಿಯ ಪ್ರಶ್ನೆಗೆ ಉತ್ತರ. ಯಾರನ್ನು ಕೇಳಿದರೂ ಬರುವ ಮಾತು ಒಂದೇ: ‘ಅನುಮಾನ ಇದೆ, ಆದರೆ ಪುರಾವೆ ಇಲ್ಲವಲ್ಲ. ಪುರಾವೆ ಇಲ್ಲದೆ ಒಬ್ಬರ ಮಾನ ಕಳೆಯುವುದು ಹೇಗೆ?’ ಇದು ಸಜ್ಜನರ ಮಾತು. ಆದರೆ ಪುರಾವೆ ತರಬೇಕಾದವರು ನೀವೆಂದು ಯಾರು ಹೇಳಿದರು? ನಮ್ಮ ಪ್ರಯೋಗಾಲಯದಲ್ಲಿ ಎರಡು ಬಗೆಯ ಪರೀಕ್ಷೆಗಳಿವೆ. ಒಂದು, ಎರಡು ಹನಿ ದ್ರಾವಣ ಹಾಕಿ ಬಣ್ಣ ಬದಲಾಗುತ್ತದೆಯೇ ಎಂದು ನೋಡುವುದು. ಬೇಗ ಆಗುತ್ತದೆ, ಅಗ್ಗ, ಆಗಾಗ ಸುಳ್ಳೂ ಹೇಳುತ್ತದೆ. ಇನ್ನೊಂದು, ಅದೇ ಮಾದರಿಯನ್ನು ದೊಡ್ಡ ಯಂತ್ರಕ್ಕೆ ಹಾಕಿ, ಇದು ಇಂಥ ವಸ್ತುವೇ ಎಂದು ಖಚಿತಪಡಿಸುವುದು. ಅದಕ್ಕೆ ಬೇರೆ ತರಬೇತಿ, ಬೇರೆ ಕೋಣೆ, ಬೇರೆ ಜನ. ಬಣ್ಣ ಬದಲಾದದ್ದನ್ನು ಕಂಡ ಹುಡುಗ ‘ವಿಷ ಸಿಕ್ಕಿತು’ ಎಂದು ಕೂಗುವಂತಿಲ್ಲ. ಹಾಗೆಯೇ ‘ಯಂತ್ರವಿಲ್ಲದೆ ನನಗೆ ಖಾತ್ರಿಯಿಲ್ಲ’ ಎಂದು ಮಾದರಿಯನ್ನು ಸಿಂಕಿಗೆ ಸುರಿಯುವಂತೆಯೂ ಇಲ್ಲ. ಚೀಟಿ ಬರೆದು ಮುಂದಿನ ಕೋಣೆಗೆ ಕಳಿಸುವುದು ಅವನ ಕೆಲಸ. ಕಡ್ಡಾಯ ವರದಿಯ ಕಾಯಿದೆಗಳು ಮೇಷ್ಟ್ರಿಂದ, ನರ್ಸಿನಿಂದ ಕೇಳುವುದು ಈ ಚೀಟಿಯನ್ನು ಮಾತ್ರ.

ಬಣ್ಣದ ಪರೀಕ್ಷೆ ಸುಳ್ಳು ಹೇಳುವುದಕ್ಕೆ ಇಲ್ಲಿಯದೇ ಉದಾಹರಣೆ ಕೊಡುತ್ತೇನೆ. ಜುಲೈ ತಿಂಗಳಲ್ಲಿ ಇಲ್ಲಿನ ತಣ್ಣೀರಿನ ನಲ್ಲಿಯಲ್ಲಿ ಬರುವುದು ಬಿಸಿನೀರು, ಮಾಳಿಗೆಯ ಟ್ಯಾಂಕು ಬಿಸಿಲಿಗೆ ಕಾದು ಹಾಗಾಗುತ್ತದೆ ಎಂಬುದು ನಮಗೆಲ್ಲ ಗೊತ್ತು. ಅಂಥ ಮನೆಯಲ್ಲಿ ಗೀಸರಿನ ನಲ್ಲಿಯನ್ನು ಮಗು ತಿರುಗಿಸಿಕೊಂಡು ಸುಟ್ಟುಕೊಳ್ಳುವುದು ಸಾಧ್ಯ. 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಆಳವಾಗಿ ಸುಡುತ್ತದೆ. ಹಾಗೆ ಸಿಡಿದ ನೀರಿನ ಗಾಯ ಅಡ್ಡಾದಿಡ್ಡಿಯಾಗಿರುತ್ತದೆ. ಎರಡೂ ಕೈ ಕೈಚೀಲ ತೊಟ್ಟಂತೆ ಒಂದೇ ಗೆರೆಯವರೆಗೆ ಸುಟ್ಟಿದ್ದರೆ ವೈದ್ಯರು ಇನ್ನೊಂದು ಪ್ರಶ್ನೆ ಕೇಳುತ್ತಾರೆ, ಏಕೆಂದರೆ ಬಿಸಿ ತಗಲಿದ ಕೈಯನ್ನು ಮಗು ತಾನಾಗಿ ಅದ್ದಿಕೊಂಡೇ ಇರುವುದಿಲ್ಲ. ಈ ವ್ಯತ್ಯಾಸ ತೀರ್ಮಾನಿಸುವುದು ತಿಳಿದವರ ಕೆಲಸ. ನಮ್ಮ ಕೆಲಸ ಗಾಯವಿದೆ ಎಂದು ಹೇಳುವಷ್ಟೇ.

ಒಂದು ಕನ್ನಡ ತರಗತಿಯಲ್ಲಿ ನಡೆದದ್ದನ್ನು ಗುರುತು ಮರೆಸಿ ಹೇಳುತ್ತೇನೆ. ಅಕ್ಷರ ಕಲಿಸುವ ಅಕ್ಕ ಒಬ್ಬರು ಗಮನಿಸಿದ್ದು ಇಷ್ಟು: ಒಬ್ಬ ಹುಡುಗ ಬಿಸ್ಕತ್ತು ಹಂಚುವಾಗ ಎರಡನ್ನು ತಿಂದು ಎರಡನ್ನು ಜೇಬಿಗೆ ಹಾಕುತ್ತಾನೆ. ತರಗತಿ ಮುಗಿದ ಮೇಲೆ ಬೆಂಚು ಜೋಡಿಸುತ್ತ, ಬೋರ್ಡು ಒರೆಸುತ್ತ ಮನೆಗೆ ಹೋಗುವುದನ್ನು ತಡ ಮಾಡುತ್ತಾನೆ. ಸೆಕೆಯಲ್ಲೂ ತುಂಬುತೋಳಿನ ಅಂಗಿ. ಒಂದು ವಾರ ‘ನಾನು’ ಎಂಬ ವಿಷಯದ ಮೇಲೆ ಐದು ಸಾಲು ಬರೆಯಲು ಹೇಳಿದಾಗ ಎಲ್ಲರೂ ಬರೆದರು, ಅವನು ‘ನಾನು ಶಬ್ದ ಮಾಡುವುದಿಲ್ಲ’ ಎಂದು ಒಂದೇ ಸಾಲು ಬರೆದುಕೊಟ್ಟ. ಆಕೆ ಇಬ್ಬರು ಹಿರಿಯರ ಬಳಿ ಹೇಳಿಕೊಂಡರು. ಒಬ್ಬರು, ‘ಸುಮ್ಮನಿರಮ್ಮ, ಅವನಪ್ಪನ ಕೆಲಸ ಹೋದರೆ ನೀನು ಊಟ ಹಾಕ್ತೀಯಾ?’ ಎಂದರು. ಇನ್ನೊಬ್ಬರು, ‘ನಾನೇ ಅವನಪ್ಪನ ಹತ್ತಿರ ಮಾತಾಡ್ತೇನೆ’ ಎಂದರು. ಎರಡನೆಯದು ಕೇಳಲು ಚೆನ್ನಾಗಿದೆ. ಅದೇ ಹೆಚ್ಚು ಅಪಾಯದ್ದು. ಅನುಮಾನ ನಿಜವಾಗಿದ್ದರೆ ಆ ರಾತ್ರಿ ಹುಡುಗ ಯಾರ ಕೈಯಲ್ಲಿರುತ್ತಾನೆ?

ಅಕ್ಕ ಮನೆಗೆ ಹೋಗಿ ಸಹಾಯವಾಣಿಗೆ ಫೋನು ಮಾಡಿದರು. ನಾಲ್ಕು ಸಂಗತಿಗಳನ್ನೂ ತಾರೀಖಿನೊಂದಿಗೆ ಹೇಳಿದರು. ಆ ಕಡೆಯವರು ಕೇಳಿಕೊಂಡರು, ಬರೆದುಕೊಂಡರು. ಆಮೇಲೆ ಏನಾಯಿತು ಎಂಬುದನ್ನು ಆಕೆಗೆ ಯಾರೂ ತಿಳಿಸಲಿಲ್ಲ. ಅದು ಆಕೆಗೆ ಬಹಳ ದಿನ ಕೊರೆಯಿತು. ಹುಡುಗ ಎರಡು ವಾರ ಬರಲಿಲ್ಲ, ಆಮೇಲೆ ಬಂದ, ವರ್ಷ ಮುಗಿಯುವವರೆಗೂ ಬಂದ. ಕರೆದುಕೊಂಡು ಬರುತ್ತಿದ್ದದ್ದು ಮಾತ್ರ ಮೊದಲಿನಂತೆ ತಂದೆಯಲ್ಲ, ತಾಯಿ. ಇದಕ್ಕೆ ಏನು ಅರ್ಥ ಎಂದು ನನಗೂ ಗೊತ್ತಿಲ್ಲ, ಆಕೆಗೂ ಗೊತ್ತಿಲ್ಲ.

ಇಂಥ ಕಾಯಿದೆಗಳ ಬಗ್ಗೆ ಹೆದರಿಕೆ ಇರುವವರು ಕೂಡಲೇ ನಾರ್ವೆಯ ಮಾತೆತ್ತುತ್ತಾರೆ. 2011ರಲ್ಲಿ ಸ್ಟಾವಂಗರ್ ಊರಿನಲ್ಲಿ ಒಂದು ಬಂಗಾಳಿ ಸಂಸಾರದ ಎರಡು ಪುಟ್ಟ ಮಕ್ಕಳನ್ನು ಅಧಿಕಾರಿಗಳು ಎತ್ತಿಕೊಂಡು ಹೋದರು. ಕೈಯಿಂದ ಉಣಿಸಿದ್ದು, ಜೊತೆಯಲ್ಲಿ ಮಲಗಿಸಿಕೊಂಡದ್ದು ತಪ್ಪಾಯಿತಂತೆ ಎಂಬ ಸುದ್ದಿ ನಮ್ಮ ದೇಶದಲ್ಲೆಲ್ಲ ಹಬ್ಬಿತು. 2012ರಲ್ಲಿ ಮಕ್ಕಳು ಚಿಕ್ಕಪ್ಪನ ಜೊತೆ ಭಾರತಕ್ಕೆ ಬಂದರು, 2013ರಲ್ಲಿ ಕಲ್ಕತ್ತಾ ಹೈಕೋರ್ಟು ಅವರನ್ನು ತಾಯಿಗೆ ಒಪ್ಪಿಸಿತು. ಈ ಹೆದರಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅಮೆರಿಕದಲ್ಲಿಯೂ ಬರುವ ವರದಿಗಳಲ್ಲಿ ಹೆಚ್ಚಿನವು ತನಿಖೆಯ ನಂತರ ನಿಲ್ಲುವುದಿಲ್ಲ. ನಮ್ಮ ಊರಿನ ಪೋಕ್ಸೋದಲ್ಲೂ ತೊಡಕಿದೆ. 17 ವರ್ಷದ ಹುಡುಗಿ ಗರ್ಭಿಣಿಯಾಗಿ ಡಾಕ್ಟರ ಬಳಿ ಬಂದರೆ ಅವರು ಪೊಲೀಸರಿಗೆ ಹೇಳಲೇಬೇಕು. ಹೇಳುತ್ತಾರೆಂಬ ಭಯಕ್ಕೆ ಹುಡುಗಿಯರು ಒಳ್ಳೆಯ ಡಾಕ್ಟರನ್ನು ಬಿಟ್ಟು ಕಳ್ಳ ವೈದ್ಯರ ಕಡೆ ಹೋಗುವಂತಾಯಿತು. ಕೊನೆಗೆ 2022ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು, ಹುಡುಗಿ ಮತ್ತು ಪೋಷಕರು ಕೋರಿದರೆ ಗರ್ಭಪಾತದ ವಿಷಯದಲ್ಲಿ ಡಾಕ್ಟರು ಆಕೆಯ ಹೆಸರು ಹೇಳಬೇಕಿಲ್ಲ ಎಂದು ದಾರಿ ಮಾಡಿಕೊಟ್ಟಿತು.

ಇಲ್ಲಿನ ಕಾಯಿದೆಯಾದರೋ ಮೊದಲ ಹೆಜ್ಜೆಯಾಗಿ ಮಗುವನ್ನು ಕಿತ್ತುಕೊಳ್ಳುವುದಿಲ್ಲ. ರಕ್ಷಣಾ ತಜ್ಞರು ಮನೆಯವರೊಂದಿಗೆ ಕೂತು, ಮಗು ಮನೆಯಲ್ಲೇ ಇರುವಂತೆ, ಒಪ್ಪಂದದ ಮೇಲೆ ಕ್ರಮಗಳನ್ನು ಗೊತ್ತುಮಾಡಬಹುದು. ಜೀವಕ್ಕೆ ಕೂಡಲೇ ಅಪಾಯವಿದ್ದರೆ ಮಾತ್ರ ತಮ್ಮ ಹೊಣೆಯಲ್ಲಿ ಮಗುವನ್ನು ಹೊರಗೆ ಕರೆದೊಯ್ಯಬಹುದು, ಆಗಲೂ 24 ಗಂಟೆಯೊಳಗೆ ಪಬ್ಲಿಕ್ ಪ್ರಾಸಿಕ್ಯೂಷನ್‌ನ ಅನುಮತಿ ಪಡೆಯಬೇಕು. ತಿಳಿಸಿದವರ ಗುರುತನ್ನು ಅವರ ಒಪ್ಪಿಗೆಯಿಲ್ಲದೆ ಬಯಲು ಮಾಡುವಂತಿಲ್ಲ.

ಬಡತನವನ್ನು ಅಲಕ್ಷ್ಯವೆಂದು ತಿಳಿಯಬಾರದು, ಇದನ್ನು ಒತ್ತಿ ಹೇಳಬೇಕು. ತಂದೆಯ ಕೆಲಸ ಹೋಗಿ, ಫೀಸು ಕಟ್ಟಲಾಗದೆ ಮಗು ಮನೆಯಲ್ಲಿ ಕುಳಿತಿದ್ದರೆ ಆ ಸಂಸಾರಕ್ಕೆ ಮೊದಲು ಬೇಕಾದದ್ದು ಸಂಘದ ನೆರವು, ಕಾನ್ಸುಲೇಟಿನ ನೆರವು. ಅಂಥವರ ಮನೆಗೆ ಅಕ್ಕಿ ಬೇಳೆ ತಲುಪಿಸುವುದನ್ನು ನಮ್ಮವರು ಬಹಳ ಚೆನ್ನಾಗಿ ಬಲ್ಲರು.

ಮಗು ತಾನಾಗಿ ಬಂದು ಏನಾದರೂ ಹೇಳಿದರೆ ಸುಮ್ಮನೆ ಕೇಳಿಸಿಕೊಳ್ಳಿ. ಅಡ್ಡಪ್ರಶ್ನೆ ಬೇಡ, ‘ನಿಜವಾಗಿಯೂ?’ ಬೇಡ. ‘ಯಾರಿಗೂ ಹೇಳುವುದಿಲ್ಲ’ ಎಂದು ಭಾಷೆ ಕೊಡಬೇಡಿ, ಏಕೆಂದರೆ ನೀವು ಹೇಳಲೇಬೇಕಾಗುತ್ತದೆ. ಮಗು ಬಳಸಿದ ಮಾತನ್ನು, ಅದು ಕನ್ನಡವೋ ತುಳುವೋ ಬ್ಯಾರಿಯೋ ಕೊಂಕಣಿಯೋ, ಇದ್ದಹಾಗೆ ಬರೆದಿಡಿ, ತಾರೀಖು ಹೊತ್ತು ಸಹಿತ. ನಮ್ಮ ಲ್ಯಾಬಿನ ನೋಟ್‌ಬುಕ್ಕಿನ ನಿಯಮವೇ ಇಲ್ಲಿಗೂ ಸರಿ: ‘ಬಿಳಿ ಗಸಿ ತಳಕ್ಕೆ ಕೂತಿತು’ ಎಂದು ಬರೆಯಬೇಕು, ಅದು ಯಾವ ವಸ್ತುವೆಂದು ಆಗಲೇ ತೀರ್ಪು ಕೊಡಬಾರದು. ‘ತಂದೆ ಹೊಡೆದಿದ್ದಾನೆ’ ಎಂದಲ್ಲ, ‘ಎಡ ಮೊಣಕೈ ಮೇಲೆ ನೀಲಿ ಕಲೆ, ಕೇಳಿದಾಗ ತೋಳು ಎಳೆದುಕೊಂಡ’ ಎಂದು. ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುವುದಂತೂ ಕೂಡದೇ ಕೂಡದು. ಅದರಿಂದ ಮಗುವಿನ ಮಾನವೂ ಹೋಗುತ್ತದೆ, ಈ ದೇಶದ ಕಾಯಿದೆಯಲ್ಲಿ ಹಾಕಿದವರೇ ಸಿಕ್ಕಿಬೀಳುತ್ತಾರೆ.

ಆಂತರಿಕ ಸಚಿವಾಲಯದ ಮಕ್ಕಳ ರಕ್ಷಣಾ ಕೇಂದ್ರದ ಸಂಖ್ಯೆ 116111, ಇದು ಅಬುಧಾಬಿ, ದುಬೈ ಎಲ್ಲ ಕಡೆಗೂ ಆಗುತ್ತದೆ. ಅವರದೇ ‘ಹಿಮಾಯತಿ’ ಎಂಬ ಆ್ಯಪ್ ಕೂಡ ಇದೆ. ದುಬೈಯ ಸಮುದಾಯ ಅಭಿವೃದ್ಧಿ ಪ್ರಾಧಿಕಾರದ್ದು 800988. ದುಬೈಯ ಮಹಿಳೆಯರ ಮತ್ತು ಮಕ್ಕಳ ಪ್ರತಿಷ್ಠಾನದ್ದು 800111. ಆ ಕ್ಷಣವೇ ಜೀವಾಪಾಯವಿದ್ದರೆ 999. ಊರಿಗೆ ರಜೆಯಲ್ಲಿ ಹೋದಾಗ 1098 ಅಥವಾ 112. ಈ ಸಂಖ್ಯೆಗಳನ್ನು ನಮ್ಮ ಕನ್ನಡ ತರಗತಿಯ ಹಾಜರಿ ಪುಸ್ತಕದ ಒಳರಟ್ಟಿನ ಮೇಲೆ ಅಂಟಿಸಿದ್ದೇವೆ. ನೃತ್ಯ ಮತ್ತು ಯಕ್ಷಗಾನ ತರಗತಿಯವರಿಗೆ ಪ್ರತಿಗಳು ಬೇಕಿದ್ದರೆ ಮುಂದಿನ ಮಾಸಿಕ ಸಭೆಯಲ್ಲಿ ನನ್ನಿಂದ ಪಡೆದುಕೊಳ್ಳಬಹುದು.